ಹನ್ನೊಂದು ಗಂಟೆಯ ಗೂಡ್ಸ್ ಗಾಡಿ

ಮಾರ್ಚ್ ತಿಂಗಳ ಒಂದು ಮಂಗಳವಾರ ಬಂದ ಆ ಕಾಗದವನ್ನು ಲಯೊನೆಲ್ ಹೇಥಾರ್ನ್ ಮೊದಲು ನಿಂತೇ ಓದಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಓದಿದ. ಗೆರೆ ಹಾಕಿದ ಹಾಳೆ, ನೀಲಿ ಶಾಯಿ, ಶಾಲೆಯ ಮಕ್ಕಳದಂಥ ದುಂಡು ಅಕ್ಷರ. ಮೂರು ಕಡೆ ಕಾಗುಣಿತ ತಪ್ಪಿತ್ತು. ಅವನಿಗೆ ಮೊದಲು ಸಿಟ್ಟು ಬಂದದ್ದು ಕಾಗುಣಿತದ ಮೇಲೆ.

'ಹೇಥಾರ್ನ್ ಅವರಿಗೆ, ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಪತ್ರಿಕೆಯ ಮುಖಪುಟದಲ್ಲಿ ನಿಮ್ಮ ಗೂಡ್ಸ್ ಎಂಜಿನ್ನಿನ ಚಿತ್ರ ನೋಡಿದೆ. ಅದನ್ನು ಮಾಡಿದವನು ನಾನು. ನನ್ನ ಹೆಂಡತಿ ಈಡಿತ್ ಹಾಸಿಗೆ ಹಿಡಿದಿದ್ದ ಎರಡು ವರ್ಷ ಅವಳ ಪಕ್ಕದಲ್ಲೇ ಕೂತು ಮಾಡಿದ್ದು. ಅವಳು ಹೋದ ಮೇಲೆ ನಾನು ಆಸ್ಪತ್ರೆ ಸೇರಿದ್ದಾಗ ನಮ್ಮ ಹುಡುಗರು ಅಟ್ಟ ಖಾಲಿ ಮಾಡುವ ಭರದಲ್ಲಿ ಅದನ್ನೂ ಯಾರಿಗೋ ಕೊಟ್ಟುಬಿಟ್ಟರು. ವಾಪಸ್ಸು ಕೊಡಿ ಅಂತ ಕೇಳುತ್ತಿಲ್ಲ. ನಿಮ್ಮ ಹತ್ತಿರ ಚೆನ್ನಾಗಿದೆ. ಆದರೆ ನವೆಂಬರಿನ ಪ್ರದರ್ಶನದಲ್ಲಿ, ಎಲ್ಲರೂ ಸೇರಿರುವಾಗ, ಇದು ಏಮಸ್ ಥ್ರೆಲ್‌ಫಾಲ್ ಮಾಡಿದ್ದು, ಈಡಿತ್‌ಗಾಗಿ ಮಾಡಿದ್ದು ಅಂತ ಮೈಕಿನಲ್ಲಿ ಒಂದು ಮಾತು ಹೇಳಿ. ನೀವು ಹೇಳದಿದ್ದರೆ ನಾನೇ ಬಂದು ಹೇಳುತ್ತೇನೆ. ಮಾಡುವಾಗ ತೆಗೆದ ಫೋಟೋಗಳು ನನ್ನ ಹತ್ತಿರ ಇವೆ.'

ಒಂದು ಮಾತು! ಆ ಒಂದು ಮಾತಿನ ಮೇಲೆ ತನ್ನ ಹನ್ನೆರಡು ವರ್ಷದ ಹೆಸರು ನಿಂತಿದೆ ಎಂದು ಈ ಮುದುಕನಿಗೆ ಹೇಗೆ ಗೊತ್ತಾಗಬೇಕು?

ಸ್ಕೆಲ್‌ಬರೋ ಊರಿನ ಮಾದರಿ ರೈಲು ಕ್ಲಬ್ಬಿನಲ್ಲಿ ಮೂವತ್ತೊಂದು ಜನ ಸದಸ್ಯರಿದ್ದರು. ಅವರಲ್ಲಿ ರೈಲು ಎಂದರೇನೆಂದು ತಿಳಿದವನು, ಲಯೊನೆಲ್‌ನ ಲೆಕ್ಕದಲ್ಲಿ, ಒಬ್ಬನೇ. ಗುರುವಾರ ಗುರುವಾರ ಹಳೆಯ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಅವರೆಲ್ಲ ಸೇರುತ್ತಿದ್ದರು. ಕಿಟಕಿಯ ಪಕ್ಕ ಸಣ್ಣ ಅಳತೆಯವರು. ಅವರ ಹಳಿಯ ಅಗಲ ಒಂಬತ್ತು ಮಿಲಿಮೀಟರ್, ಎಂಜಿನ್ನು ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ. ಕನ್ನಡಕದ ಮೇಲೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂತ ಅವರನ್ನು ಕಂಡರೆ ಲಯೊನೆಲ್‌ಗೆ ಹೇನು ಹೆಕ್ಕುವವರ ನೆನಪಾಗುತ್ತಿತ್ತು. ಬಾಗಿಲ ಬಳಿ ದೊಡ್ಡ ಅಳತೆಯವರು. ಅವರ ಒಂದೊಂದು ಬೋಗಿ ಮೊಣಕೈ ಉದ್ದ. ನಾಲ್ಕು ಬೋಗಿ ಜೋಡಿಸಿದರೆ ಮೇಜು ಮುಗಿಯಿತು. ಮಿಕ್ಕ ಪ್ರಯಾಣವೆಲ್ಲ ಮುಂದೆ ಹೋಗಿ ಹಿಂದೆ ಬರುವುದು. ನಡುವೆ ಇದ್ದದ್ದು ಬಹುಸಂಖ್ಯಾತರು, ಒಂದು ಅಡಿಗೆ ನಾಲ್ಕು ಮಿಲಿಮೀಟರ್ ಲೆಕ್ಕದವರು. ಅಂಗಡಿಯಲ್ಲಿ ಪೆಟ್ಟಿಗೆ ಕೊಂಡು, ಮನೆಯಲ್ಲಿ ಪೆಟ್ಟಿಗೆ ಬಿಚ್ಚಿ, ತಮ್ಮನ್ನು ತಾವು ರೈಲು ಕಟ್ಟುವವರೆಂದು ಕರೆದುಕೊಳ್ಳುವ ಮಂದಿ. ಅವರ ಹಳಿಯ ಅಗಲ ಹದಿನಾರೂವರೆ ಮಿಲಿಮೀಟರ್. ಆ ಅಳತೆಗೆ ನಿಜವಾಗಿ ಇರಬೇಕಾದದ್ದು ಹದಿನೆಂಟೂ ಮುಕ್ಕಾಲಕ್ಕಿಂತ ಒಂದು ಕೂದಲು ಹೆಚ್ಚು. ಈ ಎರಡು ಮಿಲಿಮೀಟರಿನ ಸುಳ್ಳನ್ನು ಇಡೀ ದೇಶ ತಲೆಮಾರುಗಳಿಂದ ನಗುನಗುತ್ತಾ ಒಪ್ಪಿಕೊಂಡು ಬಂದಿದೆ. ಲಯೊನೆಲ್ ಒಪ್ಪಿರಲಿಲ್ಲ. ಅವನ ಹಳಿಗಳು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆ ಸುಳ್ಳಿಗೊಂದು ಮುಖ ಇದ್ದಿದ್ದರೆ ಅದು ವಿಲ್ಫ್ ಓಗ್ಡನ್‌ನ ಮುಖ. ನಿವೃತ್ತ ಬಸ್ ಡ್ರೈವರ್, ಕೆಂಪು ಕೆನ್ನೆ, ಮುಂದೆ ಬಂದ ಹೊಟ್ಟೆ. ಅವನ ಸಮುದ್ರತೀರದ ಸ್ಟೇಷನ್ನಿನಲ್ಲಿ ಅಜ್ಜನ ಕಾಲದ ಹಬೆ ಎಂಜಿನ್ನೂ ನಿನ್ನೆ ಮೊನ್ನೆಯ ಡೀಸೆಲ್ಲೂ ಅಕ್ಕಪಕ್ಕ ನಿಲ್ಲುತ್ತಿದ್ದವು. ಪ್ಲಾಟ್‌ಫಾರಂ ಮೇಲೆ ಒಂದು ಆನೆ ಇತ್ತು.

"ಏನು ಪ್ರೊಫೆಸರ್ರೇ, ಇವತ್ತು ಎಷ್ಟು ರಿವೆಟ್ಟು ಎಣಿಸಿದ್ರಿ?" ಎಂದು, ಎಂಜಿನ್ ತಗಡಿನ ಮೊಳೆತಲೆಗಳ ಮೇಲಿನ ಅವನ ಹುಚ್ಚನ್ನು ಆಡಿಕೊಳ್ಳುತ್ತಾ, ವಿಲ್ಫ್ ಕೇಳುತ್ತಿದ್ದ.

"ನಿನ್ನ ಸ್ಟೇಷನ್‌ನಲ್ಲಿ ಆನೆ ಯಾಕಿದೆ, ವಿಲ್ಫ್?"

"ಟಿಕೆಟ್ ತಗೊಂಡಿತ್ತು. ಇಳಿಸೋಕಾಗುತ್ತಾ?"

ಎಲ್ಲರೂ ನಗುತ್ತಿದ್ದರು. ಲಯೊನೆಲ್ ಮಾತ್ರ ಅವರ ಹಲ್ಲುಗಳನ್ನು ನೋಡುತ್ತಿದ್ದ.

ಅವನ ಸ್ವಂತ ಸೃಷ್ಟಿಯ ಹೆಸರು ಆಶ್‌ಗಿಲ್. ಇಪ್ಪತ್ತೆರಡು ಅಡಿ ಉದ್ದದ ಬೆಟ್ಟದ ಸ್ಟೇಷನ್, ಕಲ್ಲಿನ ಕಮಾನು ಸೇತುವೆ, ಒಂದು ಸುರಂಗ. ಕಾಲ, ಸಾವಿರದ ಒಂಬೈನೂರ ಹನ್ನೊಂದರ ಜೂನ್ ತಿಂಗಳ ಒಂದು ಬೆಳಗ್ಗೆ. ಅದಕ್ಕೆ ಮೂರು ಸಲ ಬಹುಮಾನದ ಕಪ್ ಬಂದಿತ್ತು, ಪತ್ರಿಕೆಯ ಮುಖಪುಟ ಬಂದಿತ್ತು, ದೂರದ ಊರುಗಳಿಂದ ಭಾಷಣಕ್ಕೆ ಕರೆ ಬಂದಿತ್ತು. ಭಾಷಣದ ವಿಷಯ ಯಾವಾಗಲೂ ಒಂದೇ: ಆಶ್‌ಗಿಲ್‌ನ ಕಪ್ಪು ಗೂಡ್ಸ್ ಎಂಜಿನ್ನು, ಆರು ಚಕ್ರ, ಹಿತ್ತಾಳೆ ತಗಡು. "ಒಂದೊಂದು ರಿವೆಟ್ಟೂ ನನ್ನ ಕೈಯಾರೆ ಒತ್ತಿದ್ದು" ಎಂದು ಅವನು ಹೇಳುತ್ತಿದ್ದ. ಹೇಳಿ ಹೇಳಿ ಅವನಿಗೇ ಅದು ಹಳೆಯ ನೆನಪಿನಂತೆ ಕಾಣತೊಡಗಿತ್ತು. ನಿಜಕ್ಕೂ ಆ ಎಂಜಿನ್ನು ಅವನಿಗೆ ಸಿಕ್ಕಿದ್ದು ಮೈದಾನದಲ್ಲಿ ಜನ ಕಾರಿನ ಡಿಕ್ಕಿಯಿಂದ ಹಳೆ ಸಾಮಾನು ಮಾರುವ ಭಾನುವಾರದ ಸಂತೆಯಲ್ಲಿ, ಬಿಸ್ಕತ್ ಡಬ್ಬಿಯೊಳಗೆ, ಹಳೆ ಚಮಚಗಳ ಜೊತೆಗೆ. ಬಣ್ಣ ಕಂಡಿರದ ಹಿತ್ತಾಳೆ. ಅದನ್ನು ಕೈಗೆತ್ತಿಕೊಂಡಾಗ ತಾನು ಜೀವಮಾನದಲ್ಲಿ ಇಂಥದ್ದನ್ನು ಮಾಡಲಾರೆ ಎಂಬುದು ಅವನಿಗೆ ತಟ್ಟನೆ ತಿಳಿಯಿತು. ಆ ತಿಳಿವಳಿಕೆಯನ್ನು ಅವನು ಎಂಜಿನ್ನಿಗೆ ಎಂದೂ ಕ್ಷಮಿಸಲಿಲ್ಲ. ಎಂಜಿನ್ನಿನ ಕಲ್ಲಿದ್ದಲ ತೊಟ್ಟಿಯ ತಳದಲ್ಲಿ, ತೂಕಕ್ಕೆಂದು ಇಟ್ಟ ಸೀಸದ ತುಂಡಿನ ಕೆಳಗೆ, ಮೊಳೆಯಿಂದ ಗೀಚಿದ ಒಂದು ಹೆಸರಿತ್ತು: ಈಡಿತ್. ಅರದಿಂದ ಉಜ್ಜಿ ತೆಗೆಯಲು ಅರ್ಧ ಗಂಟೆ ಹಿಡಿದಿತ್ತು.

ಅಷ್ಟಕ್ಕೂ ಮುದುಕ ಮಾಡಿದ್ದೇನು? ಹಿತ್ತಾಳೆಯ ಒಂದು ತುಂಡು. ಅದಕ್ಕೆ ಕಪ್ಪು ಬಣ್ಣ, ಮಸಿ, ತುಕ್ಕು, ನಂಬರು, ಹಳಿ, ಬೆಟ್ಟ, ಒಂದು ಜೂನ್ ಬೆಳಗ್ಗೆ, ಎಲ್ಲವನ್ನೂ ಕೊಟ್ಟವನು ತಾನು. ಹೀಗೆ ಯೋಚಿಸಿದಾಗ ಲಯೊನೆಲ್‌ಗೆ ತನಗೇ ಅನ್ಯಾಯವಾಗಿದೆ ಎನಿಸಿತು.

ಏಪ್ರಿಲ್‌ನಲ್ಲಿ ಅವನು ಒಂದು ಹಂದಿಮಾಂಸದ ಕಡುಬು ಕಟ್ಟಿಸಿಕೊಂಡು ಏಮಸ್‌ನ ಮನೆಗೆ ಹೋದ. ಗೋಡೆಗೆ ಗೋಡೆ ಅಂಟಿದ ಕಲ್ಲಿನ ಮನೆಗಳ ಸಾಲಿನಲ್ಲಿ ಕೊನೆಯದಕ್ಕೆ ಹಿಂದಿನ ಮನೆ. ಎಂಬತ್ತಮೂರು ವರ್ಷದ ಏಮಸ್ ಒಂದು ಕಾಲದಲ್ಲಿ ಕಾರ್ಖಾನೆಯಲ್ಲಿ ಅಚ್ಚು ಕೊರೆಯುತ್ತಿದ್ದವನು. ಕೈಬೆರಳು ಸೊಟ್ಟಗಾಗಿದ್ದವು, ಕಣ್ಣು ಚುರುಕಾಗಿತ್ತು.

"ಬಾರಪ್ಪಾ, ಒಳಗೆ ಬಾ. ಬೂಟು ಬಿಚ್ಚೋದೇನೂ ಬೇಡ. ನಂಗೆ ಗೊತ್ತಿತ್ತು ಕಣಯ್ಯಾ ನೀನು ಬರ್ತೀಯ ಅಂತ. ಅಷ್ಟು ಚೆನ್ನಾಗಿ ಬಣ್ಣ ಹಚ್ಚೋನು ಕೆಟ್ಟೋನಾಗಿರಲ್ಲ."

ಬಣ್ಣ ಹಚ್ಚುವವನು! ಲಯೊನೆಲ್ ಮುಗುಳ್ನಕ್ಕ. ಕಾಗದ ಓದಿ ಮನಸ್ಸು ಕರಗಿತೆಂದ. ಎಂಜಿನ್ನನ್ನು ಯಾರೋ ದಾರಿಹೋಕರಿಂದ ಪಡೆದದ್ದು, ಮಾಡಿದವರು ಯಾರೆಂದು ಹುಡುಕಿ ಸೋತಿದ್ದೆ ಎಂದ. ನವೆಂಬರಿನಲ್ಲಿ, ಬಹುಮಾನ ಕೊಡುವ ವೇದಿಕೆಯ ಮೇಲೆ, ಎಲ್ಲವನ್ನೂ ಹೇಳುತ್ತೇನೆಂದ. ಮುದುಕನ ಕಣ್ಣು ತುಂಬಿ ಬಂತು.

"ಅವಳಿಗೆ ನಿದ್ದೆ ಬರ್ತಿರಲಿಲ್ಲ. ರಿವೆಟ್ ಒತ್ತೋ ಸದ್ದು ಕೇಳ್ತಾ ಮಲಗೋಳು. ಟಕ್, ಟಕ್. ನಿಲ್ಲಿಸಿದ್ರೆ, ಯಾಕ್ರೀ ನಿಲ್ಸಿದ್ರಿ ಅನ್ನೋಳು."

ಲಯೊನೆಲ್‌ನ ಕಣ್ಣು ಅಷ್ಟರಲ್ಲಿ ಅಡುಗೆಮನೆಯ ಮೂಲೆಯ ಬಾಗಿಲ ಮೇಲೆ ನೆಟ್ಟಿತ್ತು. ಬಾಗಿಲಾಚೆ ನೆಲಮಾಳಿಗೆಗೆ ಇಳಿಯುವ ಹದಿನಾಲ್ಕು ಕಲ್ಲಿನ ಮೆಟ್ಟಿಲು. ಕಡಿದಾದವು, ನಡುವೆ ಸವೆದವು, ಹಿಡಿದುಕೊಳ್ಳಲು ಏನೂ ಇಲ್ಲ. ಕೆಳಗೆ ಏಮಸ್‌ನ ಉಪಕರಣಗಳು. ದಿನಕ್ಕೆ ಎರಡು ಸಲ ಇಳಿದು ಹತ್ತುತ್ತಾನಂತೆ. ಅಂಥ ಮುದುಕ ಒಂದು ದಿನ ಬಿದ್ದರೆ ಊರಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಇಷ್ಟು ದಿನ ಬೀಳದಿದ್ದುದೇ ಆಶ್ಚರ್ಯ ಎನ್ನುತ್ತಾರೆ. ಪಕ್ಕದ ಮನೆಯಿಂದ ಟಿವಿಯ ಗದ್ದಲ ಗೋಡೆ ತೂರಿ ಬರುತ್ತಿತ್ತು.

"ಮಿಸೆಸ್ ಪಿಲಿಂಗ್" ಎಂದ ಏಮಸ್. "ಎದ್ದಾಗಿಂದ ಮಲಗೋವರೆಗೂ ಹಾಕಿರ್ತಾಳೆ. ಒಳ್ಳೇ ಹೆಂಗಸು. ನೀನು ಬರೋ ವಿಷಯ ಅವಳಿಗೂ ಹೇಳಿದೀನಿ. ಹೇಥಾರ್ನ್ ಅಂತ, ದೊಡ್ಡ ಮನುಷ್ಯ ಅಂತ."

ಹೇಳಿದ್ದಾನೆ. ಹಾಗಾದರೆ ಮೆಟ್ಟಿಲುಗಳಷ್ಟೇ ಸಾಲವು. ಯಾರಾದರೂ ಬಂದು, ಆ ಹೊತ್ತಿಗೆ ಎಲ್ಲಿದ್ದಿರಿ ಎಂದು ಕೇಳಿದರೆ ಇನ್ನೂರು ಜನ ಒಟ್ಟಿಗೆ ಬಾಯಿ ತೆಗೆದು ಉತ್ತರಿಸುವಂತಿರಬೇಕು. ಅಂಥ ಇನ್ನೂರು ಜನ ವರ್ಷಕ್ಕೊಮ್ಮೆ ಮಾತ್ರ ಸೇರುತ್ತಾರೆ. ಪ್ರದರ್ಶನದ ದಿನ.

ಲಯೊನೆಲ್ ತನ್ನ ಯೋಜನೆಯನ್ನು ರೈಲ್ವೆಯ ವೇಳಾಪಟ್ಟಿಯಂತೆ ಬರೆದ, ಬಾಯಿಪಾಠ ಮಾಡಿದ, ಸುಟ್ಟುಹಾಕಿದ. ಪ್ರದರ್ಶನ ನಡೆಯುವುದು ಶಾಲೆಯ ಸಭಾಂಗಣದಲ್ಲಿ. ಆಶ್‌ಗಿಲ್‌ನ ಜಾಗ ಕೊನೆಯ ಗೋಡೆಯ ಉದ್ದಕ್ಕೂ. ಹಿಂದೆ ಒಂದು ಬಾಗಿಲು, ಬಾಗಿಲಾಚೆ ಸೈಕಲ್ ನಿಲ್ಲಿಸುವ ಚಪ್ಪರ. ಬೇರೆಯವರು ತಮ್ಮ ರೈಲಿನ ಪಕ್ಕ ನಿಂತು, ಬನ್ ತಿನ್ನುತ್ತಾ, ಜನರ ಜೊತೆ ಹರಟುತ್ತಾ ಗಾಡಿ ಓಡಿಸುತ್ತಿದ್ದರು. ಲಯೊನೆಲ್ ಮಾತ್ರ ಮೊದಲಿನಿಂದಲೂ ಕಪ್ಪು ಪರದೆಯ ಹಿಂದೆ. ಬೆಟ್ಟ ನೋಡಲು ಬಂದವರು ಹೊಟ್ಟೆ ನೋಡಬಾರದು ಎಂಬುದು ಅವನ ನಿಯಮ. ಜನ ನೋಡುತ್ತಿದ್ದುದು ಗಾಡಿಯನ್ನು, ಕೇಳುತ್ತಿದ್ದುದು ಸಿಗ್ನಲ್ ಗಂಟೆಯನ್ನು. ಅವನು ಹಿಂದೆ ಇದ್ದಾನೆ ಎಂಬುದು ಅವರ ನಂಬಿಕೆ.

ಇನ್ನು ಬೇಕಾದದ್ದು ಅವನಿಲ್ಲದೆ ಓಡುವ ಗಾಡಿ. ಕಂಪ್ಯೂಟರಿನಿಂದ ರೈಲು ಓಡಿಸುವವರನ್ನು ಲಯೊನೆಲ್ ವರ್ಷಗಟ್ಟಲೆ ಆಡಿಕೊಂಡಿದ್ದ. "ಅದಕ್ಕಿಂತ ಬಟ್ಟೆ ಒಗೆಯೋ ಮಷಿನ್ ಮುಂದೆ ಕೂತ್ಕೊಳ್ಳಿ" ಎಂದು ಕ್ಲಬ್ಬಿನ ಸುದ್ದಿಪತ್ರದಲ್ಲಿ ಬರೆದಿದ್ದ. ಈ ಖ್ಯಾತಿಯೇ ಈಗ ಅವನ ಗುರಾಣಿ. ಲಯೊನೆಲ್ ಹೇಥಾರ್ನ್ ಗಾಡಿಯನ್ನು ಯಂತ್ರದ ಕೈಗೆ ಕೊಟ್ಟ ಎಂದರೆ, ಪಾದ್ರಿ ಇಸ್ಪೀಟು ಆಡಿದ ಎಂದಂತೆ, ಯಾರೂ ನಂಬರು. ದೂರದ ಊರಿನಿಂದ ಸಾಮಾನು ತರಿಸಿದ. ನಾಲ್ಕು ತಿಂಗಳು ಮನೆಯಲ್ಲಿ ಕದ ಹಾಕಿಕೊಂಡು ಕಲಿತ. ಆಗಸ್ಟ್ ಹೊತ್ತಿಗೆ, ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ ಆಶ್‌ಗಿಲ್‌ನ ಮೂವತ್ತಾರು ನಿಮಿಷಗಳ ಓಡಾಟವನ್ನು ತಾನೇ ನಡೆಸುತ್ತಿತ್ತು. ಗಾಡಿ ನಿಧಾನವಾಗುವುದು, ಸಿಗ್ನಲ್ ಬೀಳುವುದು, ಸೀಟಿ, ಗಂಟೆ, ಎಲ್ಲ. ಪೂರ್ತಿ ಸರಿಯಾಗಿದ್ದರೆ ಸಂಶಯ ಬರುತ್ತದೆಂದು ಒಂದು ಕಡೆ ಗಾಡಿ ಅರೆಕ್ಷಣ ತಡವರಿಸುವಂತೆ ಮಾಡಿದ. ಕೊನೆಗೆ ತನ್ನ ಕೆಮ್ಮನ್ನೇ ಹಿಡಿದಿಟ್ಟ. ನಾಲ್ಕು ನಿಮಿಷಕ್ಕೊಮ್ಮೆ ಪರದೆಯ ಹಿಂದಿನ ಪುಟ್ಟ ಸ್ಪೀಕರ್ ಅವನ ಒಣ ಕೆಮ್ಮನ್ನು ಕೆಮ್ಮುತ್ತಿತ್ತು. ಅದನ್ನು ಮೊದಲ ಸಲ ಕೇಳಿದಾಗ, ಕ್ಲಬ್ಬಿನ ಮೂವತ್ತು ಮಂದಿಯಲ್ಲಿ ಒಬ್ಬನಿಗಾದರೂ ಇದನ್ನು ಮೆಚ್ಚುವ ಯೋಗ್ಯತೆ ಇಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು.

ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಏಮಸ್‌ನನ್ನು ಕಂಡ. ಪ್ರದರ್ಶನದ ಶನಿವಾರ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಬಂದು ಫೋಟೋಗಳನ್ನು ಒಯ್ಯುತ್ತೇನೆ, ವೇದಿಕೆಯ ಮೇಲೆ ದೊಡ್ಡದಾಗಿ ತೋರಿಸೋಣ, ಯಾರಿಗೂ ಹೇಳಬೇಡಿ, ಸಂಭ್ರಮ ಹಾಳಾಗುತ್ತದೆ ಎಂದ. ಹಳೆಯ ರೈಲು ಹಳಿ ಕಿತ್ತು ಮಾಡಿದ ಕಾಲುದಾರಿಯಲ್ಲಿ ಶಾಲೆಯಿಂದ ಆ ಮನೆಯ ಹಿಂದಿನ ಗೇಟಿಗೆ ಏಳು ನಿಮಿಷ. ಮೂರು ಸಲ ನಡೆದು ನೋಡಿದ್ದ.

ನವೆಂಬರಿನ ಆ ಶನಿವಾರ ಮಂಜು ಕವಿದ ಬೆಳಗ್ಗೆ. ಹತ್ತು ಗಂಟೆಗೆ ಬಾಗಿಲು ತೆರೆದದ್ದೇ ತಡ, ಜನ ನುಗ್ಗಿದರು. ಹಾಲ್ ತುಂಬ ಚಹಾ ಮತ್ತು ಹುರಿದ ಹಂದಿಮಾಂಸದ ವಾಸನೆ. ವಿಲ್ಫ್‌ನ ಆನೆಯ ಸುತ್ತ ಗುಂಪು ಕಟ್ಟಿತ್ತು. ಲಯೊನೆಲ್ ಮುಕ್ಕಾಲು ಗಂಟೆ ಕೈಯಾರೆ ಗಾಡಿ ಓಡಿಸಿದ. ಇಬ್ಬರು ಮೂವರ ಜೊತೆ ಪರದೆಯ ಮೇಲಿಂದ ತಲೆ ಹಾಕಿ ಮಾತಾಡಿ, ತಾನಿರುವುದನ್ನು ನೆನಪಿನಲ್ಲಿ ಉಳಿಯುವಂತೆ ಮಾಡಿದ. ಹತ್ತು ನಲವತ್ತಾರಕ್ಕೆ ಪೆಟ್ಟಿಗೆಯ ಗುಂಡಿ ಒತ್ತಿ, ಕೈಗವಸು ಹಾಕಿಕೊಂಡು, ಹಿಂಬಾಗಿಲಿನಿಂದ ಹೊರಬಿದ್ದ. ಬೆನ್ನ ಹಿಂದೆ ತನ್ನದೇ ಕೆಮ್ಮು ಕೇಳಿಸಿತು.

ಏಮಸ್ ಕೋಟು ಹಾಕಿ, ಟೈ ಕಟ್ಟಿ, ಬೂಟಿಗೆ ಪಾಲಿಶ್ ಹೊಡೆದು ನಿಂತಿದ್ದ. ಅವನ ಕ್ರಾಪಿನಲ್ಲಿ ಬಾಚಣಿಗೆಯ ಗೆರೆ ಒದ್ದೆಯಾಗಿತ್ತು. ಸಂಜೆಯ ಸಮಾರಂಭಕ್ಕೆ ಬೆಳಗ್ಗೆಯೇ ಸಿಂಗಾರ, ಎಂದುಕೊಂಡ ಲಯೊನೆಲ್. ಮೇಜಿನ ಮೇಲೆ ಎಂಟು ಫೋಟೋಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ. ಹಾಸಿಗೆಯಲ್ಲಿ ಒರಗಿ ಕೂತ ಹೆಂಗಸು, ಅವಳ ತೊಡೆಯ ಮೇಲೆ ಅರ್ಧ ಮಾಡಿದ ಎಂಜಿನ್ನು.

"ಇನ್ನೂ ಒಂದು ಕೊಡ್ತೀನಿ ತಡಿ. ರಿವೆಟ್ ಒತ್ತೋ ಅಚ್ಚು, ಕೆಳಗಿದೆ.‌ ಅದನ್ನೂ ತೋರಿಸು ಜನಕ್ಕೆ. ನಾನೇ ಕೊರೆದಿದ್ದು."

"ನಾನೂ ಬರ್ತೀನಿ, ನೋಡಿ ಹೋಗಿ" ಎಂದ ಲಯೊನೆಲ್.

ಏಮಸ್ ನೆಲಮಾಳಿಗೆಯ ಬಾಗಿಲು ತೆರೆದು ದೀಪ ಹಾಕಿದ. ಆಗ ಚರ್ಚಿನ ಗಡಿಯಾರ ಗಂಟೆ ಹೊಡೆಯತೊಡಗಿತು. ಲಯೊನೆಲ್ ಕೈಗಡಿಯಾರ ನೋಡಿಕೊಂಡ: ಸೆಕೆಂಡಿಗೆ ಸೆಕೆಂಡು ಸರಿ. ಮುದುಕ ಮೊದಲ ಮೆಟ್ಟಿಲ ಅಂಚಿನಲ್ಲಿ ಹೆಜ್ಜೆ ಇಡದೆ ನಿಂತುಬಿಟ್ಟ. ಚಿಲಕದಿಂದ ಕೈ ತೆಗೆದ, ಬೆನ್ನು ನೆಟ್ಟಗೆ ಮಾಡಿದ, ತಲೆ ತಗ್ಗಿಸಿ ಕಣ್ಣು ಮುಚ್ಚಿದ. ಮಾತಿಲ್ಲ. ತಲೆ ಸುತ್ತು ಬಂದಿರಬೇಕು. ಪಕ್ಕದ ಮನೆಯ ಟಿವಿಯೂ ಅದೇ ಹೊತ್ತಿಗೆ ಬಾಯಿ ಮುಚ್ಚಿತು. ಲಯೊನೆಲ್ ಒಂದು ಕ್ಷಣ ಹಿಂಜರಿದ. ನಡೆಯುವವನನ್ನು ನೂಕುವುದನ್ನು ಅವನು ಮನಸ್ಸಿನಲ್ಲಿ ನೂರು ಸಲ ಅಭ್ಯಾಸ ಮಾಡಿದ್ದ. ಕಣ್ಣು ಮುಚ್ಚಿ ನಿಂತವನು ಅದಕ್ಕಿಂತ ಸುಲಭ. ಕೆಲಸ ತಾನಾಗಿಯೇ ಕೈಗೆ ಬಂದು ಕೂತಿತ್ತು.

ಅವನು ಎರಡೂ ಅಂಗೈ ಚಾಚಿ ಆ ಇಸ್ತ್ರಿ ಮಾಡಿದ ಬೆನ್ನನ್ನು ನೂಕಿದ.

ಸದ್ದು ಅವನು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ಆಮೇಲೆ ಆ ಬೀದಿಯಲ್ಲಿ ಅವನು ಎಂದೂ ಕೇಳಿರದಂಥ ನಿಶ್ಶಬ್ದ. ಒಂದು ಕಾರಿಲ್ಲ, ಒಂದು ಮಾತಿಲ್ಲ, ಊರೇ ಅವನಿಗೆ ದಾರಿ ಬಿಟ್ಟು ನಿಂತ ಹಾಗೆ. ದೀಪದ ಬೆಳಕಿನಲ್ಲಿ ಕೆಳಗೆ ನೋಡಿ ಖಾತ್ರಿ ಮಾಡಿಕೊಂಡ. ಎಂಟು ಫೋಟೋಗಳನ್ನು ಕೋಟಿನ ಒಳಜೇಬಿಗೆ ಸೇರಿಸಿದ. ಹಿಂದಿನ ಗೇಟು ಕಿರುಗುಟ್ಟಿತು. ಟಿವಿಯ ಗದ್ದಲಕ್ಕೆ ಒಗ್ಗಿದ ಕಿವಿಗೆ ಯಾವ ಗೇಟು ಕೇಳಿಸುತ್ತದೆ ಎಂದುಕೊಂಡು ಕಾಲುದಾರಿ ಹಿಡಿದ.

ಹನ್ನೊಂದು ಹನ್ನೆರಡಕ್ಕೆ ಅವನು ಮತ್ತೆ ಪರದೆಯ ಹಿಂದಿದ್ದ. ಯಾರೂ ತಿರುಗಿ ನೋಡಿರಲಿಲ್ಲ. ಒಂದೇ ಕೊರತೆ: ಆ ಹೊತ್ತಿಗೆ ಪ್ಲಾಟ್‌ಫಾರಮ್ಮಿನಲ್ಲಿ ಇರಬೇಕಾಗಿದ್ದ, ಹಾಲು ಸಾಗಿಸುವ ಗಾಡಿ ಇನ್ನೂ ಸುರಂಗದಾಚೆ ಇತ್ತು. ಎರಡು ನಿಮಿಷ ತಡ. ಮೂರು ತಿಂಗಳು ಒಂದು ಸೆಕೆಂಡ್ ತಪ್ಪದ ಪೆಟ್ಟಿಗೆ ಇವತ್ತು ತಪ್ಪಿತ್ತು. ಯಂತ್ರಗಳ ಬಗ್ಗೆ ತಾನು ಬರೆದದ್ದೆಲ್ಲ ನಿಜ ಎಂದು ಲಯೊನೆಲ್ ಮೂಗು ಮುರಿದ. ಪೆಟ್ಟಿಗೆಯ ತಂತಿ ಕಿತ್ತು ಸಾಮಾನಿನ ಚೀಲದ ತಳಕ್ಕೆ ಹಾಕಿ, ಗಾಡಿಯನ್ನು ಕೈಗೆ ತೆಗೆದುಕೊಂಡ. ಅದು ಒಂದಿಷ್ಟೂ ಕುಲುಕದೆ ಪ್ಲಾಟ್‌ಫಾರಮ್ಮಿಗೆ ಬಂದು ನಿಂತಿತು. ಅದರ ಬಗ್ಗೆ ಅವನಿಗೆ ಹೆಮ್ಮೆಯಾಯಿತು.

ಪರದೆ ಸರಿದು ವಿಲ್ಫ್‌ನ ಕೆಂಪು ಮುಖ ಒಳಗೆ ಬಂತು. ಕೈಯಲ್ಲಿ ಅರ್ಧ ತಿಂದ ಬನ್.

"ಬಂದ್ರಾ ಪ್ರೊಫೆಸರ್ರೇ? ಆಗ್ಲೇ ಏನಾಯ್ತು ಅಂದ್ರೆ..."

"ಈಗ ಬೇಡ, ವಿಲ್ಫ್. ಗಾಡಿ ಓಡಿಸ್ತಿದೀನಿ, ಕಾಣಲ್ವಾ?"

"ಅಲ್ಲಾ, ನಾನು ನಿಮ್ಮ..."

"ಸಂಜೆ ಹೇಳು. ಬನ್ನಿನ ಪುಡಿ ಹಳಿ ಮೇಲೆ ಬೀಳ್ತಿದೆ."

ವಿಲ್ಫ್ ಭುಜ ಕುಣಿಸಿ ಹೋದ. ಮಧ್ಯಾಹ್ನದ ಹೊತ್ತಿಗೆ ಅವನು ಇನ್ನೊಂದು ಸಲ ಇಣುಕಿದ. ಲಯೊನೆಲ್ ತಲೆ ಎತ್ತಲಿಲ್ಲ.

ಎರಡೂವರೆಗೆ ಪೊಲೀಸ್ ಸಾರ್ಜೆಂಟ್ ಡನ್ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಶೀತದಿಂದ ಕೆಂಪಾದ ಮೂಗು. ಪೊಲೀಸರು ಬಂದರೆ ಸೋಮವಾರವೋ ಮಂಗಳವಾರವೋ ಎಂದು ಅವನು ಲೆಕ್ಕ ಹಾಕಿದ್ದ. ಬೇಗ ಬಂದರೂ ಚಿಂತೆಯಿಲ್ಲ. ಸಾಕ್ಷಿಗಳ ನೆನಪು ಇನ್ನೂ ಬಿಸಿಯಾಗಿಯೇ ಇದೆ.

"ಏಮಸ್ ಥ್ರೆಲ್‌ಫಾಲ್ ಅಂತ, ನಿಮಗೆ ಪರಿಚಯ ಇದ್ಯಾ ಸರ್?"

"ಇದೆ. ಒಂದೆರಡು ಸಲ ಮನೆಗೆ ಹೋಗಿದ್ದೆ. ಒಳ್ಳೇ ಕೆಲಸಗಾರ. ಯಾಕೆ?"

"ಬೆಳಿಗ್ಗೆ ನೆಲಮಾಳಿಗೆ ಮೆಟ್ಟಿಲಿಂದ ಬಿದ್ದಿದ್ದಾರೆ. ತೀರಿಕೊಂಡ್ರು."

ಲಯೊನೆಲ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಕನ್ನಡಿಯ ಮುಂದೆ ಇದಕ್ಕೆ ನಾಲ್ಕು ಸೆಕೆಂಡು ಹಿಡಿದಿತ್ತು. ಈಗಲೂ ನಾಲ್ಕೇ ಹಿಡಿಯಿತು.

"ಇವತ್ತು ನೀವು ಅಲ್ಲಿಗೆ ಹೋಗೋದಿತ್ತು ಅಂತ ಪಕ್ಕದ ಮನೆಯವರು ಹೇಳಿದ್ರು."

"ಸಂಜೆ ಹೋಗಿ ಇಲ್ಲಿಗೆ ಕರ್ಕೊಂಡು ಬರೋಣ ಅಂತಿದ್ದೆ. ಪಾಪ, ಎಷ್ಟು ಆಸೆ ಇಟ್ಕೊಂಡಿದ್ರು."

"ಬಿದ್ದ ಸದ್ದು ಆಕೆಗೆ ಸ್ಪಷ್ಟವಾಗಿ ಕೇಳಿಸಿದೆ. ಆಮೇಲೆ ಯಾರೋ ಓಡಾಡಿದ್ದು, ಗೇಟು ತೆಗೆದದ್ದೂ ಕೇಳಿಸಿದೆ. ಹನ್ನೊಂದು ದಾಟಿ ಒಂದು ನಿಮಿಷ ಇರಬಹುದು ಅಂತಾರೆ. ಆಗ ನೀವೆಲ್ಲಿದ್ರಿ ಸರ್? ಕೇಳ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ."

ಆ ಟಿವಿಯ ಹೆಂಗಸಿಗೆ ಕೇಳಿಸಿತೇ? ಕೇಳಿಸಿದರೇನು? ಹನ್ನೊಂದು ದಾಟಿ ಒಂದು ನಿಮಿಷ. ತಾನೇ ಹೇಳಿ ಬರೆಸಿದ್ದರೂ ಇದಕ್ಕಿಂತ ಚೊಕ್ಕ ಸಮಯ ಸಿಗುತ್ತಿರಲಿಲ್ಲ. ಅವನು ಗೋಡೆಗೆ ತೂಗುಹಾಕಿದ್ದ ವೇಳಾಪಟ್ಟಿಯ ರಟ್ಟನ್ನು ತೆಗೆದು ಅವಳ ಮುಂದೆ ಹಿಡಿದ.

"ಇಲ್ಲೇ, ಈ ಸ್ಟೂಲ್ ಮೇಲೆ. ನೋಡಿ, ಹನ್ನೊಂದಕ್ಕೆ ಸರಿಯಾಗಿ ಕಲ್ಲಿದ್ದಲು ಗೂಡ್ಸ್ ಸುರಂಗದಿಂದ ಹೊರಗೆ ಬರುತ್ತೆ. ಹನ್ನೊಂದು ಒಂದಕ್ಕೆ ಸೇತುವೆ ಮೇಲೆ. ಅಲ್ಲಿ ಒಂದು ಸೀಟಿ ಹೊಡೀಬೇಕು, ಹೊಡೆದೆ."

ಅವಳ ಪೆನ್ನು ನಿಂತಿತು. "ಹನ್ನೊಂದು ಒಂದಕ್ಕಾ? ಓಡಿಸ್ತಿದ್ರಾ?"

"ಮತ್ತೆ?"

"ನಿಲ್ಲಿಸ್ಲಿಲ್ವಾ ಸರ್?"

"ಯಾಕೆ ನಿಲ್ಲಿಸ್ಲಿ? ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಒಂದು ಕ್ಷಣ ನಿಂತಿಲ್ಲ. ಎಲ್ಲಾ ನನ್ನ ಕೈಯಾರೆ."

"ಇದನ್ನ ಹಂಗೇ ಬರ್ಕೊಳ್ಳಲಾ?"

"ಧಾರಾಳವಾಗಿ. ಬೇಕಾದ್ರೆ ಸಹಿ ಹಾಕ್ತೀನಿ. ಹಾಲ್‌ನಲ್ಲಿ ಇನ್ನೂರು ಜನ ಇದ್ರು, ಯಾರನ್ನ ಬೇಕಾದ್ರೂ ಕೇಳಿ." ಈ ನಿಧಾನ ಬುದ್ಧಿಯ ಹೆಂಗಸಿನ ಮೇಲೆ ಅವನಿಗೆ ಕನಿಕರ ಬಂತು. ಎದ್ದು ನಿಂತು ಪರದೆಯಾಚೆ ಕೂಗಿದ: "ವಿಲ್ಫ್! ಬಾ ಇಲ್ಲಿ. ಹನ್ನೊಂದು ಗಂಟೆಗೆ ನನ್ನ ಗೂಡ್ಸ್ ಓಡ್ತಾ ಇತ್ತಾ ಇಲ್ವಾ, ಇವರಿಗೆ ಹೇಳು."

ವಿಲ್ಫ್ ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಾ ಬಂದ. ಅವಳನ್ನು ನೋಡಿದ, ಇವನನ್ನು ನೋಡಿದ, ಮುಖ ಸಣ್ಣದು ಮಾಡಿದ.

"ಓಡ್ತಾ ಇತ್ತು ಮೇಡಂ. ಯಾರೋ ದೂರು ಕೊಟ್ರಾ? ಅದನ್ನೇ ಬೆಳಿಗ್ಗೆಯಿಂದ ಇವರಿಗೆ ಹೇಳೋಕೆ ಒದ್ದಾಡ್ತಿದೀನಿ. ಮೈಕಿನಲ್ಲಿ ಹೇಳಿದ್ ತಕ್ಷಣ ನಾವೆಲ್ಲ ಗಾಡಿ ನಿಲ್ಸಿ ಟೋಪಿ ತೆಗೆದ್ವಿ. ಇನ್ನೂರು ಜನ ತಲೆ ತಗ್ಗಿಸಿ ನಿಂತಿದಾರೆ, ಇವರದೊಂದೇ ಗಡಗಡ ಅಂತ ಓಡ್ತಿದೆ. ಒಳಗಿಂದ ಕೆಮ್ಮು ಬೇರೆ. ಇದಾರಲ್ಲ ಅಂತ ಪರದೆ ಸರಿಸಿದ್ರೆ ಖಾಲಿ ಸ್ಟೂಲು ಕೆಮ್ತಾ ಕೂತಿದೆ! ಅಲ್ಲೊಂದು ಪೆಟ್ಟಿಗೆ ಇತ್ತು, ನಾನೇ ಅದರ ಗುಂಡಿ ಒತ್ತಿ ನಿಲ್ಸಿ, ಎರಡು ನಿಮಿಷ ಮುಗಿದ್ಮೇಲೆ ಮತ್ತೆ ಬಿಟ್ಟೆ. ಎಲ್ಲರೂ ನೋಡಿದ್ರು. ಬೈಬೇಡಿ ಮೇಡಂ, ಸತ್ತೋರಿಗೆ ಅವಮಾನ ಮಾಡೋ ಮನುಷ್ಯ ಅಲ್ಲ ಇವರು. ಆಗ ಇವರು ಇಲ್ಲಿರ್ಲೇ ಇಲ್ಲ."

ಲಯೊನೆಲ್ ವಿಲ್ಫ್‌ನಿಂದ ಸಾರ್ಜೆಂಟ್ ಕಡೆಗೆ ತಿರುಗಿದ. ಅವಳ ಕೋಟಿನ ಮೇಲೆ ಕೆಂಪು ಕಾಗದದ ಒಂದು ಹೂವಿತ್ತು, ವಿಲ್ಫ್‌ನ ಸ್ವೆಟರಿನ ಮೇಲೊಂದು, ಲಯೊನೆಲ್‌ನ ಕೋಟಿನ ಮೇಲೂ ಒಂದು. ಎರಡು ವಾರದಿಂದ ಊರೆಲ್ಲ ಚುಚ್ಚಿಕೊಂಡಿದ್ದನ್ನು ಅವನೂ ಅಭ್ಯಾಸಬಲದಿಂದ ಚುಚ್ಚಿಕೊಂಡಿದ್ದ. ಯುದ್ಧದಲ್ಲಿ ಮಡಿದವರ ನೆನಪಿನ ಮೆರವಣಿಗೆ, ಬ್ಯಾಂಡು, ಭಾಷಣ ಎಲ್ಲ ನಾಳೆ ಭಾನುವಾರ ಎಂಬುದು ಅವನಿಗೆ ಗೊತ್ತಿತ್ತು. ಎಂಟು ತಿಂಗಳು ನಿಮಿಷ ನಿಮಿಷವನ್ನೂ ಅಳೆದವನು ಶನಿವಾರದ ತಾರೀಕು ಯಾವುದೆಂದು ಮಾತ್ರ ಕ್ಯಾಲೆಂಡರಿನಲ್ಲಿ ನೋಡಿರಲಿಲ್ಲ. ಅದು ನವೆಂಬರ್ ಹನ್ನೊಂದು. ಮೊದಲ ಮಹಾಯುದ್ಧ ನಿಂತ ದಿನ. ವಾರ ಯಾವುದೇ ಇರಲಿ, ಆ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ, ಸರಿಯಾಗಿ ಎರಡು ನಿಮಿಷ, ಇಡೀ ದೇಶ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಲ್ಲುತ್ತದೆ.